ಒಂದು ನೂಲಿನ ಇಳಿಜಾರು

೧೯೯೬ರಲ್ಲಿ ನಾನು ಓದು ಬಿಟ್ಟೆ. ಒಂಬತ್ತನೇ ಕ್ಲಾಸು. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಲಂಬಕೋನ ಎಂದು ಒಂದು ಮೂಲೆ ಬರೆದಿದ್ದರು. ಅದು ಲಂಬವಾಗಿರಲಿಲ್ಲ. ರಜೆ ಬಂದಾಗೆಲ್ಲ ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗಿ, ಮೂಲೆಮಟ್ಟ ಹಿಡಿದು ಹಿಡಿದು ನನ್ನ ಕಣ್ಣು ಪಳಗಿತ್ತು. “ಸರ್, ಅದು ಒಂಚೂರು ಹೊರಕ್ಕೆ ವಾಲೈತ್ರಿ” ಎಂದೆ. ಕೆನ್ನೆಗೆ ಬಿತ್ತು. ಹೊಡೆದರು ಅಂತ ಬಿಡಲಿಲ್ಲ. ಹೊಡೆದ ಮೇಲೆ ಆ ಗೆರೆಯನ್ನು ಒರೆಸಿ ಸರಿಯಾಗಿ ಬರೆದರಲ್ಲ, ಅದಕ್ಕೆ ಬಿಟ್ಟೆ. ಮರುದಿನ ಅಪ್ಪನ ಹಿಂದೆ ಕರಣೆ ಹಿಡಿದು ಹೋದೆ. ಈ ಕಥೆಯನ್ನು ಎಷ್ಟೋ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಈಗ ಹೇಳುವುದಿಲ್ಲ.

ಶಿಕಾರಿಪುರದಲ್ಲಿ, ಅಂಜನಾಪುರದಲ್ಲಿ, ಬಳ್ಳಿಗಾವಿಯಲ್ಲಿ ನಾನು ಎತ್ತಿದ ಗೋಡೆಗಳಿವೆ. ಅದರಲ್ಲೂ ನೆಲ ಹಾಸುವುದರಲ್ಲಿ ನನಗೆ ಹೆಸರು. ನೆಲ ಹಾಸುವವನು ಅದನ್ನು ಪೂರ್ತಿ ಮಟ್ಟ ಮಾಡುವುದಿಲ್ಲ. ತೊಳೆದ ನೀರು ನಿಲ್ಲಬಾರದೆಂದು ಬಾಗಿಲ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಡುತ್ತಾನೆ. ಅದಕ್ಕೆ ವಾಟ ಎನ್ನುತ್ತೇವೆ. ಮನೆಯ ಹೆಂಗಸರು ಮೇಸ್ತ್ರಿಯನ್ನು ಅಳೆಯುವುದು ಅದರಲ್ಲೇ. ಒಂದು ಕೊಡ ನೀರು ಸುರಿದರೆ, ಪೊರಕೆ ಮುಟ್ಟಿಸದೆ ಅದು ಹೊಸ್ತಿಲ ತನಕ ಹೋಗಬೇಕು. ನನ್ನ ನೆಲಗಳಲ್ಲಿ ಹೋಗುತ್ತದೆ. ಹೇಳದಿದ್ದರೂ ನನ್ನ ಕೈ ವಾಟ ಕೊಡುತ್ತದೆ.

ಒಂಬತ್ತು ವರ್ಷದ ಹಿಂದೆ ನಮ್ಮೂರ ಗೊಬ್ಬರದಂಗಡಿ ಸಾಹುಕಾರರು ಖಾಲಿ ಬಿದ್ದಿದ್ದ ಗೋಡೌನನ್ನು ರಿಪೇರಿ ಮಾಡಿಸಿದರು. ನೆಲ ನನ್ನದು. ಅದರ ಮೇಲೆ ಏನು ಬರುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೆಲ ಮುಗಿದ ಮೇಲೆ ಒಂದು ದಿನ ಲಾರಿಯಲ್ಲಿ ಯಾವುದೋ ಊರಿನ ಹಳೆಯ ಸ್ನೂಕರ್ ಟೇಬಲ್ಲು ಬಂತು. ಎಂಟು ಕಾಲು, ಹಸಿರು ಬಟ್ಟೆಯ ಕೆಳಗೆ ಐದು ದಪ್ಪ ಕಲ್ಲಿನ ಹಲಗೆ. ಲಾರಿಯವರು ಬೋಲ್ಟು ಬಿಗಿದು, ಬಟ್ಟೆ ಎಳೆದು ಕಟ್ಟಿ ಹೊರಟರು. ಮಟ್ಟ ಕೂರಿಸುವುದು ಉಳಿಯಿತು.

ಸಾಹುಕಾರರು ತಲೆ ಕೆರೆದುಕೊಂಡರು. “ಇದಕ್ಕೆ ಹುಬ್ಬಳ್ಳಿಯಿಂದ ಫಿಟ್ಟರ್ ಕರೆಸ್ಬೇಕು ಅಂತಾರಲ್ರಿ ಮೇಸ್ತ್ರಿ. ಅವನು ಬರೋದು ಹದಿನೈದು ದಿನ ಅಂತೆ.”

“ನಾನು ಇಲ್ಲಿ ನಿಂತಿರೋವಾಗ ಫಿಟ್ಟರ್ ಯಾಕ್ರೀ?” ಎಂದೆ. “ಮಟ್ಟ ನೋಡೋದು ನನ್ನ ಕಸುಬು. ಅವನೇನು ಆಕಾಶದಿಂದ ಮಟ್ಟ ತರ್ತಾನಾ?”

ನಾನೇ ಹೇಳಿದ ಮಾತು. ಸಾಕ್ಷಿಗೆ ಏಳೆಂಟು ಜನ ಇದ್ದರು.

ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗೋಡೆಗೆ ಹಿಡಿಯುವ ಹಾಗೆ ನಾಲ್ಕೂ ಮೂಲೆಗೆ ಹಿಡಿದೆ. ನೆಲ ಬಾಗಿಲ ಕಡೆ ಇಳಿದಿದ್ದರಿಂದ ಆ ಕಡೆಯ ಕಾಲುಗಳ ಕೆಳಗೆ ಟೈಲ್ಸ್ ಚೂರು ಕೊಟ್ಟು ಎತ್ತರಿಸಿದೆ. ನೀರು ಎರಡೂ ಕಡೆ ಸಮ ನಿಂತಿತು. ಇಂಚಿನ ಎಂಟನೇ ಒಂದು ಪಾಲಿಗೆ ನಾವು ಒಂದು ನೂಲು ಎನ್ನುತ್ತೇವೆ. ಪೈಪಿನ ನೀರು ಒಂದು ನೂಲು ಹೆಚ್ಚು ಕಡಿಮೆ ತೋರಿಸಿದರೆ ಗೋಡೆಗೆ ಏನೂ ಆಗುವುದಿಲ್ಲ. ಅದರ ಮೇಲೆ ಚೆಂಡು ಉರುಳುವುದಿಲ್ಲವಲ್ಲ.

ಸಂಜೆ ಆಡಲು ಬರುತ್ತಿದ್ದವರು ಒಬ್ಬ ವಕೀಲರು, ಒಬ್ಬ ಇಂಜಿನಿಯರು, ಕಾಲೇಜಿನ ಲೆಕ್ಚರರ್ ಒಬ್ಬರು, ಮತ್ತೆ ಸಾಹುಕಾರರ ಸ್ನೇಹಿತರು. ನಾನು ಮೊದಮೊದಲು ಗೋಡೆಗೆ ಒರಗಿ ನೋಡುತ್ತಿದ್ದೆ. ಆಟದ ಕ್ರಮ ಸುಲಭ. ಸ್ಟಿಕ್ಕಿನಿಂದ ಬಿಳಿ ಚೆಂಡು ಹೊಡೆದು, ಅದರಿಂದ ಒಂದು ಕೆಂಪನ್ನು ಅಂಚಿನ ಪಾಕೆಟಿಗೆ ಹಾಕಿದರೆ ಒಂದು ಅಂಕ, ಆಮೇಲೆ ಒಂದು ಬಣ್ಣದ ಚೆಂಡು, ಮತ್ತೆ ಕೆಂಪು, ಮತ್ತೆ ಬಣ್ಣ. ಬಿದ್ದ ಬಣ್ಣದ ಚೆಂಡನ್ನು ತೆಗೆದು ಅದರ ಜಾಗದಲ್ಲೇ ಮತ್ತೆ ಇಡುತ್ತಾರೆ. ಬಣ್ಣಗಳಲ್ಲಿ ನೀಲಿಗೆ ಐದು, ಕಪ್ಪಿಗೆ ಏಳು, ಅದೇ ಹೆಚ್ಚು. ತಪ್ಪದೆ ಒಂದೇ ಸರದಿಯಲ್ಲಿ ಎಷ್ಟು ಸೇರಿಸುತ್ತೀರೋ ಅದು ನಿಮ್ಮ ಬ್ರೇಕು. ಐವತ್ತು ದಾಟಿದವರ ಹೆಸರು ಬರೆಯಲು ಸಾಹುಕಾರರು ಒಂದು ಕರಿ ಹಲಗೆ ತೂಗುಹಾಕಿದ್ದರು. ಅದು ಖಾಲಿ ಇತ್ತು.

ಅಲ್ಲಿ ಎಲ್ಲರೂ ನನ್ನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅದರಲ್ಲಿ ಅವಮಾನವಿಲ್ಲ, ನನ್ನ ಕಸುಬು ಅದು. ಆದರೆ ಆ ಕೋಣೆಯೊಳಗೆ ವಕೀಲರು ವಕೀಲರಾಗಿರಲಿಲ್ಲ. “ಬಂದ್ರಪ್ಪ ನಮ್ಮ ಪ್ಲೇಯರು” ಎನ್ನುತ್ತಿದ್ದರು. ನಾನು ಬಂದರೆ, “ಮೇಸ್ತ್ರಿ, ಆ ಕಿಟಕಿ ಹತ್ರ ಸೋರ್ತದೆ ನೋಡ್ರಿ.” ನನಗೆ ಬೇಕಾಗಿದ್ದದ್ದು ಒಂದೇ. ಆ ಬಾಗಿಲು ದಾಟಿದರೆ ಆಟಗಾರ ಬಂದ ಎನ್ನಬೇಕು.

ಮುಂಜಾನೆ ಟೇಬಲ್ಲಿನ ಬಟ್ಟೆಗೆ ಬ್ರಷ್ ಹೊಡೆದು ಇಸ್ತ್ರಿ ಮಾಡುವ ಕೆಲಸ ವಹಿಸಿಕೊಂಡೆ. ಬೀಗದ ಕೈ ನನ್ನ ಹತ್ತಿರ ಬಂತು. ಐದೂವರೆಯಿಂದ ಏಳೂವರೆವರೆಗೆ ಟೇಬಲ್ಲು ನನ್ನದು. ಹೆಂಡತಿ ಚಹಾ ಇಡುತ್ತ, “ಈ ಹೊತ್ತಿಗೆದ್ದು ಗುಡಿಗೆ ಹೋಗೋ ಗಂಡಸರನ್ನ ನೋಡೀನಿ. ಕೋಲು ಹಿಡ್ಕಂಡು ಗೋಡೌನಿಗೆ ಹೋಗೋರನ್ನ ನಿಮ್ಮನ್ನೇ ನೋಡಿದ್ದು” ಎನ್ನುತ್ತಿದ್ದಳು.

ಲೆಕ್ಚರರ್ ಒಂದೆರಡು ಸಂಜೆ ತೋರಿಸಿಕೊಟ್ಟರು. ಗದ್ದ ಸ್ಟಿಕ್ಕಿಗೆ ತಾಗಬೇಕು, ಮೊಣಕೈ ಮೇಲಿನ ತೋಳು ಕದಲಬಾರದು, ಹಿಂದಕ್ಕೆ ಎಳೆದಾಗ ಒಂದು ಕ್ಷಣ ನಿಲ್ಲಬೇಕು, ಹೊಡೆದ ಮೇಲೂ ತಲೆ ಎತ್ತಬಾರದು. ಉಳಿದದ್ದನ್ನು ಫೋನಿನಲ್ಲಿ ನೋಡಿ ಕಲಿತೆ. ಅವರು ಆಡುವ ಇಂಗ್ಲಿಷು ನನಗೆ ತಿಳಿಯದು, ಕೈಯನ್ನು ಮಾತ್ರ ನೋಡಿದೆ. ಗಾರೆಯವನು ದಾರ ನೋಡುವಾಗ ಒಂದು ಕಣ್ಣು ಮುಚ್ಚುತ್ತಾನೆ. ಇಲ್ಲಿ ಎರಡೂ ತೆರೆದಿರಬೇಕು. ಆ ಚಾಳಿ ಬಿಡಲು ಮೂರು ತಿಂಗಳು ಹಿಡಿಯಿತು. ಗುರಿ ಹಿಡಿಯುವುದು ಮಾತ್ರ ಸಲೀಸಾಗಿ ಬಂತು. ಕೆಂಪು ಚೆಂಡು ಪಾಕೆಟಿಗೆ ಹೋಗುವ ಗೆರೆಯ ಹಿಂದುಗಡೆ ಇನ್ನೊಂದು ಚೆಂಡು ಕೂತಿದೆ ಎಂದುಕೊಂಡು, ಬಿಳಿಯನ್ನು ಅದರ ಜಾಗಕ್ಕೆ ಕಳಿಸಬೇಕು. ಇಲ್ಲದ ಇಟ್ಟಿಗೆಯನ್ನು ಅದರ ಜಾಗದಲ್ಲಿ ಕಾಣುವುದೇ ನಮ್ಮ ಕೆಲಸ.

ಕೈ ನೆಟ್ಟಗಾಗಲು ಒಂದು ಅಭ್ಯಾಸ ಇದೆ. ಬೇರೆ ಚೆಂಡೇ ಬೇಡ. ಬಿಳಿಯನ್ನು ಈ ತುದಿಯಲ್ಲಿ ಕಂದು ಚೆಂಡು ಕೂರುವ ಚುಕ್ಕಿಯ ಮೇಲಿಟ್ಟು, ನಡುಗೆರೆಯ ಮೇಲೆ ಆ ತುದಿಗೆ ಹೊಡೆಯಬೇಕು. ಅದು ಅಲ್ಲಿನ ಅಂಚಿಗೆ ಬಡಿದು ವಾಪಸು ಬಂದು ನಿಮ್ಮ ಸ್ಟಿಕ್ಕಿನ ತುದಿಗೇ ತಾಗಬೇಕು. ಎಡಕ್ಕೋ ಬಲಕ್ಕೋ ಬಂದರೆ ನಿಮ್ಮ ಕೈ ಸೊಟ್ಟ.

ನನ್ನದು ಎಡಕ್ಕೆ, ಬಾಗಿಲ ಕಡೆಗೆ, ನಾಲ್ಕು ಬೆರಳು ಸರಿದು ಬರುತ್ತಿತ್ತು. ಎಷ್ಟು ಸಲ ಹೊಡೆದರೂ ಅಷ್ಟೇ. ಲೆಕ್ಚರರನ್ನು ಕೇಳಿದೆ.

“ಬಟ್ಟೆ ಮೇಲೆ ಸಣ್ಣ ಸಣ್ಣ ಎಳೆ ಇರ್ತಾವಲ್ರಿ, ಮೆಲ್ಲಗೆ ಹೋಗೋ ಚೆಂಡನ್ನ ಅವು ಒಂಚೂರು ಎಳೀತಾವೆ. ಆದ್ರೂ ಇಷ್ಟು ಅಲ್ಲ. ನಿಮ್ಮ ಕೈನೇ ಸೊಟ್ಟ ಐತಿ. ಪ್ರಾಕ್ಟೀಸ್ ಮಾಡ್ರಿ.”

ಮಾಡಿದೆ. ಮಳೆ ಇರಲಿ, ಹಿಂದಿನ ದಿನ ಸ್ಲ್ಯಾಬ್ ಹಾಕಿ ಸೊಂಟ ಬಿದ್ದಿರಲಿ, ದಿನಕ್ಕೆ ಇನ್ನೂರು ಸಲ ಅದೊಂದೇ ಹೊಡೆತ. ಹದಿನಾಲ್ಕು ತಿಂಗಳು. ಕಾಲು ಒಂಚೂರು ಈಚೆ ಇಟ್ಟೆ, ಮಣಿಕಟ್ಟು ಒಂಚೂರು ತಿರುಗಿಸಿದೆ, ಮೊಣಕೈ ಒಳಕ್ಕೆ ತಂದೆ. ಒಂದು ದಿನ ಚೆಂಡು ನೆಟ್ಟಗೆ ಬಂದು ಟಿಕ್ ಎಂದು ತುದಿಗೆ ತಾಗಿತು. ಆ ವಾರದೊಳಗೆ ಹತ್ತಕ್ಕೆ ಹತ್ತು. ಅವತ್ತು ಬಳ್ಳಿಗಾವಿಗೆ ಕೆಲಸಕ್ಕೆ ಹೋಗುವಾಗ ಸ್ಕೂಟರ್ ಮೇಲೆ ಒಬ್ಬನೇ ನಕ್ಕಿದ್ದು ನೆನಪಿದೆ. ಅಂಥ ನಗು ಆಮೇಲೆ ಬರಲಿಲ್ಲ.

ಅಲ್ಲಿಂದ ಆ ಕೋಣೆಯಲ್ಲಿ ನನ್ನನ್ನು ಸೋಲಿಸುವವರು ಇರಲಿಲ್ಲ. ಬ್ರೇಕು ಕಟ್ಟುವುದು ಎಂದರೆ ಚೆಂಡು ಹಾಕುವುದಲ್ಲ, ಹಾಕಿದ ಮೇಲೆ ಬಿಳಿ ಎಲ್ಲಿ ನಿಲ್ಲುತ್ತದೆ ಎಂಬುದು. ನಾನು ಬಿಳಿಯನ್ನು ಮೆಲ್ಲಗೆ ಬಿಟ್ಟರೆ ಸಾಕು, ಬಾಗಿಲ ಕಡೆಗೆ ಜಾರಿ ಕಪ್ಪಿನ ಪಕ್ಕ ಹೋಗಿ ನಿಲ್ಲುತ್ತಿತ್ತು. “ಏನ್ ಕಂಟ್ರೋಲ್ ರೀ!” ಎಂದು ವಕೀಲರು ಬಾಯಿ ಬಿಡುತ್ತಿದ್ದರು. ಇಪ್ಪತ್ತು, ಮೂವತ್ತು, ನಲವತ್ತೊಂದು. ಒಂದು ಸಂಜೆ ಸಾಹುಕಾರರು ಹೊರಗಿನವರೊಬ್ಬರಿಗೆ ನನ್ನನ್ನು ತೋರಿಸಿ, “ಇವರು ನಮ್ಮ ಒಳ್ಳೇ ಪ್ಲೇಯರು” ಎಂದರು. ಮೇಸ್ತ್ರಿ ಎನ್ನಲಿಲ್ಲ. ಆ ಒಂದು ಮಾತಿನ ಮೇಲೆ ನಾನು ಎರಡು ವರ್ಷ ಬದುಕಿದೆ.

ಆಮೇಲೆ ಸೊರಬ. ಅಲ್ಲಿಯೂ ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೆ ಒಂದು ಟೇಬಲ್ಲು ಇತ್ತು. ನಮ್ಮೂರವರಿಗೂ ಅವರಿಗೂ ಒಂದು ಭಾನುವಾರ ಪಂದ್ಯ ಎಂದಾಯಿತು. ನಮ್ಮ ಕಡೆಯ ಮೊದಲ ಹೆಸರು ನನ್ನದು. ಸಾಹುಕಾರರ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು.

ನನ್ನ ಎದುರಾಳಿ ಅಲ್ಲಿನ ಮೆಡಿಕಲ್ ಶಾಪಿನವರು. ಐವತ್ತು ದಾಟಿದವರು, ಮೆಲ್ಲಗೆ ಮಾತಾಡುವವರು. ಎದುರಿಗೇ ಇದ್ದ ಕೆಂಪು ನನಗೆ ಮೊದಲ ಹೊಡೆತದಲ್ಲೇ ತಪ್ಪಿತು. ಎರಡನೆಯದು ಬಿತ್ತು, ಆದರೆ ಬಿಳಿ ಎಲ್ಲೋ ಹೋಗಿ ನಿಂತಿತು. ನಮ್ಮಲ್ಲಾದರೆ ಬಾಗಿಲ ಕಡೆಗೆ ಜಾರುತ್ತಿದ್ದ ಚೆಂಡು ಇಲ್ಲಿ ಜಾರಲಿಲ್ಲ. ಅಂಚಿಗೆ ಬಡಿದದ್ದು ಬಲಕ್ಕೆ ಸಿಡಿಯಿತು. ಎರಡು ಆಟ ಸೋತೆ. ಎರಡೂ ಸೇರಿ ನನ್ನ ದೊಡ್ಡ ಬ್ರೇಕು ಎಂಟು.

ಅವರು ನನ್ನ ಕೈ ಕುಲುಕಿ, “ಒಂದು ಮಾತು ಹೇಳ್ಲಾ ಮಾರಾಯ್ರೆ? ಬಿಳಿ ಚೆಂಡಿನ ನಡುವಿಗೆ ಹೊಡಿಯಲ್ಲ ನೀವು. ಜೋಳದ ಕಾಳಿನಷ್ಟು ಬಲಕ್ಕೆ ಹೊಡೀತೀರಿ. ಯಾವಾಗ್ಲೂ” ಎಂದರು.

ಸುತ್ತ ಹತ್ತು ಹನ್ನೆರಡು ಜನ ನಿಂತಿದ್ದರು.

“ನನ್ನ ಕೈ ನೆಟ್ಟಗೈತಿ. ನಿಮ್ಮ ಟೇಬಲ್ಲೇ ಮಟ್ಟ ಇಲ್ಲ” ಎಂದೆ. “ಇಪ್ಪತ್ತೈದು ವರ್ಷದಿಂದ ಮಟ್ಟ ನೋಡ್ದೋನು ನಾನು. ನನಗೆ ಹೇಳ್ಬೇಡಿ.”

ಅವರು ಸಿಟ್ಟಾಗಲಿಲ್ಲ. ಕಪಾಟಿನಿಂದ ಗೇಣುದ್ದದ, ಗಾಜಿನೊಳಗೆ ಗಾಳಿಗುಳ್ಳೆ ಇರುವ ಒಂದು ಕಬ್ಬಿಣದ ಮಟ್ಟ ತೆಗೆದರು. ಫಿಟ್ಟರುಗಳು ಇಟ್ಟುಕೊಳ್ಳುವಂಥದ್ದು, ಕೂದಲೆಳೆಯಷ್ಟು ಇಳಿದರೂ ತೋರಿಸುತ್ತದೆ. ಅದನ್ನು ನನ್ನ ಕೈಗೇ ಕೊಟ್ಟರು. ಇಟ್ಟೆ. ಗುಳ್ಳೆ ನಡುವೆ ನಿಂತಿತು. ಅಡ್ಡ ಇಟ್ಟೆ. ನಡುವೆ. ನಾಲ್ಕು ಮೂಲೆಯಲ್ಲೂ ಇಟ್ಟು ನೋಡಿದೆ. ಎಲ್ಲ ಕಡೆ ನಡುವೆ.

“ಮೇಸ್ತ್ರಿ, ಈಗ ಗುಳ್ಳೆನೇ ಸರಿ ಇಲ್ಲ ಅನ್ರಿ!” ಎಂದು ಹಿಂದಿನಿಂದ ನಮ್ಮ ವಕೀಲರು ಕೂಗಿದರು. ಸೊರಬದವರಿಗಿಂತ ನಮ್ಮವರೇ ಜೋರಾಗಿ ನಕ್ಕರು. ವಾಪಸು ಬರುವಾಗ ಕಾರಿನಲ್ಲಿ ಹಿಂದೆ ಕೂತೆ.

ಮರುವಾರ ಶಿವಮೊಗ್ಗಕ್ಕೆ ಹೋಗಿ ಅಂಥದ್ದೇ ಒಂದು ಮಟ್ಟ ತಂದೆ. ಮುಂಜಾನೆ ಕೋಣೆ ತೆರೆದು ನಮ್ಮ ಟೇಬಲ್ಲಿನ ಮೇಲೆ ಇಟ್ಟೆ. ಗುಳ್ಳೆ ಬಾಗಿಲ ಕಡೆಯಿಂದ ದೂರ ಓಡಿ ಗಾಜಿನ ತುದಿಗೆ ಅಂಟಿಕೊಂಡಿತು. ಗುಳ್ಳೆ ಓಡುವುದು ಎತ್ತರದ ಕಡೆಗೆ. ಟೇಬಲ್ಲು ಬಾಗಿಲ ಕಡೆಗೆ ಇಳಿದಿತ್ತು. ಸುಮಾರು ಒಂದು ನೂಲು.

ಅಲ್ಲೇ ನೆಲದ ಮೇಲೆ ಕೂತೆ. ಎಲ್ಲ ಒಟ್ಟಿಗೆ ಅರ್ಥವಾಯಿತು. ಮೊದಲ ದಿನ ನನ್ನ ಕೈ ನೆಟ್ಟಗೇ ಇತ್ತು. ಚೆಂಡು ಎಡಕ್ಕೆ ಬಂದದ್ದು ಇಳಿಜಾರಿನಿಂದ. ಸರಿಯಿದ್ದ ಕೈಯನ್ನು ಹದಿನಾಲ್ಕು ತಿಂಗಳು ತಿದ್ದಿ ತಿದ್ದಿ, ಬಲಕ್ಕೆ ಹೊಡೆಯುವ ಹಾಗೆ ನಾನೇ ಸೊಟ್ಟ ಮಾಡಿಕೊಂಡಿದ್ದೆ. ಸೊಟ್ಟ ಟೇಬಲ್ಲಿಗೆ ಸೊಟ್ಟ ಕೈ ಸರಿಹೊಂದಿತ್ತು. ಟೇಬಲ್ಲು ಸೊಟ್ಟ ಮಾಡಿದವನೂ ನಾನೇ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮೇಸ್ತ್ರಿಯ ಹೆಸರೂ ಹೋಯಿತು, ಆಟಗಾರನ ಹೆಸರೂ ಹೋಯಿತು. ಒಂದು ವರ್ಷ ಹಾಗೇ ಆಡಿದೆ. ಗೆಲ್ಲುತ್ತಲೇ ಇದ್ದೆ. ಸೊರಬದ್ದು ಒಂದು ಕೆಟ್ಟ ದಿನ ಎಂದು ನಮ್ಮವರು ಮರೆತರು. ಬಿಳಿ ಜಾರಿ ಕಪ್ಪಿನ ಪಕ್ಕ ನಿಂತಾಗೆಲ್ಲ, ಕದ್ದ ಹಣ್ಣು ತಿಂದ ಹಾಗಾಗುತ್ತಿತ್ತು.

ಮರುವರ್ಷ ಸೊರಬದವರು ನಮ್ಮಲ್ಲಿಗೆ ಬಂದರು. ಮತ್ತೆ ಅದೇ ಮೆಡಿಕಲ್ ಶಾಪಿನವರು. ಮೊದಲ ಆಟದಲ್ಲಿ ಅವರು ಮೆಲ್ಲಗೆ ಬಿಟ್ಟ ಎರಡು ಚೆಂಡು ದಾರಿ ತಪ್ಪಿ ಜಾರಿದವು. ಎರಡನೆಯದು ನಿಲ್ಲುವ ತನಕ ಅವರು ಅದನ್ನೇ ನೋಡಿದರು. ನಂತರ ನನ್ನನ್ನು ನೋಡಿದರು. ನನ್ನ ಸರದಿ ಬಂತು. ಐದು ಸಲ ಕೆಂಪು ಮತ್ತು ಕಪ್ಪು, ನಲವತ್ತು. ಮತ್ತೊಂದು ಕೆಂಪು, ನೀಲಿ. ಇನ್ನೊಂದು ಕೆಂಪು, ನೀಲಿ. ಐವತ್ತೆರಡು. ಕೋಣೆ ಕಿರುಚಿತು. ಸಾಹುಕಾರರು ಸುಣ್ಣದ ಕಡ್ಡಿ ಹುಡುಕುತ್ತ ಓಡಾಡಿದರು. “ಬರೀರೋ ಹಲಗೆ ಮೇಲೆ! ನಮ್ಮ ಪ್ಲೇಯರು!”

ಎರಡನೇ ಆಟಕ್ಕೆ ಮೊದಲು ಹೊರಗೆ ಚಹಾ. ಮೆಡಿಕಲ್ ಶಾಪಿನವರು ಲೋಟ ಹಿಡಿದು ನನ್ನ ಪಕ್ಕ ಬಂದು ನಿಂತರು.

“ಟೇಬಲ್ ಕೂರಿಸಿದ್ದು ಯಾರು?” ಎಂದು ಕೇಳಿದರು.

“ನಾನು.”

ಒಂದು ಗುಟುಕು ಚಹಾ ಕುಡಿದರು. “ನಂಗೆ ಗೊತ್ತಾಯ್ತು. ನಿಮಗೂ ಗೊತ್ತಿದೆ ಅಲ್ದಾ? ಇರ್ಲಿ ಬಿಡಿ ಮಾರಾಯ್ರೆ. ನಾನು ಯಾರಿಗೂ ಹೇಳಲ್ಲ. ಅವರು ನಿಮ್ಮ ಹೆಸರು ಬರೀಲಿ. ಇಷ್ಟು ಕಷ್ಟಪಟ್ಟಿದೀರಿ” ಎಂದು ಬೆನ್ನು ತಟ್ಟಿದರು.

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಬೆನ್ನು ತಟ್ಟಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಈ ಮನುಷ್ಯ ಸೊರಬಕ್ಕೆ ಹೋಗಿ ಮಾತ್ರೆ ಕಟ್ಟಿಕೊಡುವಾಗೆಲ್ಲ ನನ್ನ ಮೇಲೆ ಕನಿಕರಪಡುತ್ತಾನೆ ಎನ್ನಿಸಿತು. ಒಳಗೆ ಹೋದೆ. ಸಾಹುಕಾರರು ನನ್ನ ಹೆಸರಿನ ಮೊದಲ ಅಕ್ಷರ ಬರೆದಿದ್ದರು.

“ಬರೀಬ್ಯಾಡ್ರಿ” ಎಂದೆ. “ಟೇಬಲ್ಲು ಬಾಗಿಲ ಕಡೆ ಒಂದು ನೂಲು ಇಳಿದೈತಿ. ಕೂರ್ಸಿದ್ದು ನಾನು. ತಪ್ಪು ನಂದು. ಒಂದು ವರ್ಷದಿಂದ ಗೊತ್ತೈತಿ ನನಗೆ.”

ಸ್ಕೂಟರಿನ ಡಿಕ್ಕಿಯಿಂದ ಮಟ್ಟ ತಂದು ಇಟ್ಟು ತೋರಿಸಿದೆ. ಗುಳ್ಳೆ ಓಡಿತು. ಮೊದಲು ಬಾಯಿ ಬಿಟ್ಟವರು ವಕೀಲರು. “ಅಲ್ರೀ, ಚೆಂಡು ತೊಳೆದ ನೀರು ಹೊರಗೆ ಹೋಗ್ಲಿ ಅಂತ ವಾಟ ಕೊಟ್ರಾ?”

ಆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಪಂದ್ಯ ರದ್ದಾಯಿತು. ಸಾಹುಕಾರರು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ನಿಜ ಹೇಳಿದನಲ್ಲ ಎಂದು ಒಬ್ಬಿಬ್ಬರು ಆಮೇಲೆ ಹೊಗಳಿದ್ದುಂಟು. ನಾನು ನಿಜಕ್ಕಾಗಿ ಹೇಳಲಿಲ್ಲ. ಆ ಕನಿಕರ ಬೇಡವೆಂದು ಹೇಳಿದೆ.

ಹದಿನೈದು ದಿನಕ್ಕೆ ಹುಬ್ಬಳ್ಳಿಯಿಂದ ಫಿಟ್ಟರ್ ಬಂದ. ಅರ್ಧ ದಿನದ ಕೆಲಸ. ನಾನು ಇಟ್ಟಿದ್ದ ಟೈಲ್ಸ್ ಚೂರುಗಳನ್ನು ತೆಗೆದು ಒಂದು ಮೂಲೆಗೆ ಗುಡಿಸಿ, ತೆಳ್ಳಗಿನ ತಗಡುಗಳನ್ನು ಕೊಟ್ಟು ಕೂರಿಸಿದ.

ಅವತ್ತು ಸಂಜೆ ವಕೀಲರೂ ಇಂಜಿನಿಯರೂ ಆಡಿದರು. ಮೊದಲು ಹೇಗೆ ಆಡುತ್ತಿದ್ದರೋ ಹಾಗೆಯೇ ಆಡಿದರು. “ನಮಗೇನೂ ಫರಕು ಕಾಣಲ್ರೀ” ಎಂದರು. ಕಾಣುವುದಿಲ್ಲ. ವಾರಕ್ಕೆ ಎರಡು ಸಂಜೆ ಚಹಾ ಕುಡಿಯುತ್ತ ಹೊಡೆದ ಕೈಗೆ ಯಾವ ಇಳಿಜಾರೂ ಅಂಟಿರಲಿಲ್ಲ. ಅವರು ಕಲಿತದ್ದೇ ಇಲ್ಲ, ಮರೆಯುವುದೇನು? ದಿನಕ್ಕೆ ಇನ್ನೂರು ಸಲ ಹೊಡೆದವನು ನಾನೊಬ್ಬ. ಕೆಟ್ಟದ್ದೂ ನಾನೊಬ್ಬ. ಪ್ರಾಕ್ಟೀಸ್ ಮಾಡ್ರಿ ಎಂದಿದ್ದ ಲೆಕ್ಚರರ್ ಒಂದು ಸಲ ಕೂಡ ಬಗ್ಗಿ ಟೇಬಲ್ಲು ನೋಡಿರಲಿಲ್ಲ. ಅವರನ್ನೇನು ಅನ್ನುವುದು? ನಾನೇ ನೋಡಿರಲಿಲ್ಲ. ನಾನು ಕೂರಿಸಿದ್ದು ಎಂಬ ಒಂದೇ ಕಾರಣಕ್ಕೆ ನೋಡಿರಲಿಲ್ಲ.

ಅಲ್ಲಿಂದ ನನಗೆ ವಾಟದ ಮೇಸ್ತ್ರಿ ಎಂಬ ಹೆಸರು ಬಿತ್ತು. ಮನೆ ಕಟ್ಟಿಸುವವರೂ ನಗುತ್ತ, “ಈ ಸಲ ಮಟ್ಟ ಇರ್ತದಲ್ಲ?” ಎನ್ನುತ್ತಾರೆ. ನಾನು ನಗುವುದಿಲ್ಲ.

ಮುಂಜಾನೆ ಹೋಗುವುದು ಬಿಟ್ಟಿಲ್ಲ. ಬಿಟ್ಟರೆ ಸೋತ ಎನ್ನುತ್ತಾರೆ. ಅದೇ ಕಂದು ಚುಕ್ಕಿ, ಅದೇ ಹೊಡೆತ. ಕಾಲನ್ನು ಮೊದಲಿನ ಜಾಗಕ್ಕೆ ಇಡುತ್ತೇನೆ, ಮೊಣಕೈಯನ್ನು ಬಿಚ್ಚುತ್ತೇನೆ. ಬುದ್ಧಿಗೆ ಗೊತ್ತಿದೆ, ತೋಳಿಗೆ ಗೊತ್ತಿಲ್ಲ. ಕಲಿಯಲು ಹದಿನಾಲ್ಕು ತಿಂಗಳು ಸಾಕಾಗಿತ್ತು. ಅಳಿಸಲು ಮೂರು ವರ್ಷ ಸಾಕಾಗಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ನಾನೇ ಕಟ್ಟಿದ ಮನೆ ಒಂದು, ಮೂರು ಕೋಣೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಸ್ಕೂಟರ್ ಒಂದು. ಕೈ ಕೆಳಗೆ ನಾಲ್ಕು ಆಳು. ಸ್ಟಿಕ್ ಒಂದು. ಹತ್ತು ಸಲ ಹೊಡೆದರೆ ನೆಟ್ಟಗೆ ಬರುವುದು ಆರು. ಟೇಬಲ್ಲು ಮಟ್ಟವಾದ ಮೇಲೆ ದೊಡ್ಡ ಬ್ರೇಕು, ಮೂವತ್ತೊಂದು.